ಲೆಕ್ಕ ಎಷ್ಟನೇ ಸಾಲಿನಲ್ಲಿ ತಪ್ಪಿತು? ನಮಗೆ ನಾವೇ ಕೇಡು ಮಾಡಿಕೊಳ್ಳುವುದನ್ನು ಅರ್ಥ ಮಾಡಿಕೊಳ್ಳುವ ಬಗೆ

ರಾತ್ರಿ ಹನ್ನೊಂದೂವರೆ. ಅಡುಗೆಮನೆಯ ದೀಪ ಹಾಕಿರಲಿಲ್ಲ. ಫ್ರಿಜ್ಜಿನ ಮೇಲಿದ್ದ ಸ್ಟೀಲ್ ಡಬ್ಬಿಯಿಂದ ಕೊಬ್ಬರಿ ಮಿಠಾಯಿ ತೆಗೆದು ನಿಂತುಕೊಂಡೇ ತಿನ್ನುತ್ತಿದ್ದೆ. ಒಂದಲ್ಲ, ಎರಡಲ್ಲ, ಆರು. ಸದ್ದಾಗಬಾರದು ಎಂದು ಮುಚ್ಚಳವನ್ನು ಸೆರಗಿನಲ್ಲಿ ಸುತ್ತಿ ಹಿಡಿದಿದ್ದೆ. ರುಚಿ ಏನೂ ಗೊತ್ತಾಗುತ್ತಿರಲಿಲ್ಲ. ನನಗೆ ಸಕ್ಕರೆ ಕಾಯಿಲೆ ಬಂದು ಆಗ ಏಳು ವರ್ಷವಾಗಿತ್ತು. ಮಾತ್ರೆ ಬಿಟ್ಟು ಮೂರು ತಿಂಗಳಾಗಿತ್ತು. ನಮ್ಮ ಮನೆಯವರು ತಿಂಗಳಿಗೊಮ್ಮೆ ತಪ್ಪದೆ ಮಾತ್ರೆ ತಂದಿಡುತ್ತಿದ್ದರು. ನಾನು ದಿನಕ್ಕೆ ಎರಡು ಬಿಡಿಸಿ ಬಚ್ಚಲಿಗೆ ಹಾಕುತ್ತಿದ್ದೆ, ಲೆಕ್ಕ ಸರಿ ಕಾಣಲಿ ಎಂದು.

ನಾನು ತಿಪಟೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತೇನೆ. 21 ವರ್ಷವಾಯಿತು. ಸಕ್ಕರೆ ಕಾಯಿಲೆ ಅಂದರೇನು, ಮಾತ್ರೆ ಬಿಟ್ಟರೆ ಕಣ್ಣು, ಕಿಡ್ನಿ, ಕಾಲಿಗೆ ಏನಾಗುತ್ತದೆ, ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗೊತ್ತಿಲ್ಲದೆ ಕೆಡಿಸಿಕೊಳ್ಳುವವರಿಗೆ ತಿಳಿವಳಿಕೆ ಹೇಳಿದರೆ ಸಾಕು. ಗೊತ್ತಿದ್ದೂ ಕೆಡಿಸಿಕೊಳ್ಳುತ್ತಿರುವವರಿಗೆ ಬುದ್ಧಿ ಹೇಳಿದರೆ ಅದು ಇನ್ನೊಂದು ಏಟು, ಅಷ್ಟೇ.

ಮೊದಲು ಗುರುತಿಸುವ ಮಾತು. ‘ಕಾಲ ಮೇಲೆ ತಾನೇ ಚಪ್ಪಡಿ ಎಳೆದುಕೊಂಡ’ ಅನ್ನುತ್ತೇವಲ್ಲ, ಆ ಚಪ್ಪಡಿ ಒಂದೇ ಥರ ಇರುವುದಿಲ್ಲ. ಒಬ್ಬರು ಮೈಗೆ ನೋವು ಮಾಡಿಕೊಳ್ಳುತ್ತಾರೆ. ಇನ್ನೊಬ್ಬರು ಕುಡಿಯುತ್ತಾರೆ. ಮತ್ತೊಬ್ಬರು ಹೆಲ್ಮೆಟ್ ಇಲ್ಲದೆ ರಾತ್ರಿ ಹೊತ್ತು ಹೈವೇಯಲ್ಲಿ ಬೈಕ್ ಓಡಿಸುತ್ತಾರೆ. ಫೋನಿನಲ್ಲಿ ಜೂಜಾಡಿ ಸಾಲ ಮಾಡುವುದು, ಊಟ ಬಿಡುವುದು, ಸಿಕ್ಕಾಪಟ್ಟೆ ತಿನ್ನುವುದು, ಬೆಳಗಿನ ಜಾವದವರೆಗೆ ಬೇಕೆಂದೇ ಎಚ್ಚರ ಇರುವುದು, ಬ್ಯಾಂಕಿನ ಪತ್ರ ಒಡೆಯದೆ ಇಡುವುದು, ಪ್ರೀತಿ ತೋರಿಸುವವರ ಜೊತೆ ಜಗಳ ತೆಗೆದು ದೂರ ಮಾಡಿಕೊಳ್ಳುವುದು. ನನ್ನದು ಮಾತ್ರೆ ಬಿಡುವುದು. ಇದನ್ನು ಯಾರೂ ಕೇಡು ಅಂತ ಎಣಿಸುವುದೇ ಇಲ್ಲ. ‘ಅವಳಿಗೆ ನಾಲಿಗೆ ಕಟ್ಟೋಕಾಗಲ್ಲ’ ಅಂದುಬಿಡುತ್ತಾರೆ.

ಯಾವುದು ಬರೀ ಅಸಡ್ಡೆ, ಯಾವುದು ಕೇಡು? ನಾನು ಈಗ ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದರಿಂದ ಹಾಳು ಅಂತ ಗೊತ್ತಿದ್ದೂ ಮಾಡುತ್ತಿದ್ದೇನಾ? ಹತ್ತಿರದವರಿಂದ ಮುಚ್ಚಿಡುತ್ತಿದ್ದೇನಾ? ಮಾಡಿದ ತಕ್ಷಣ ಹಗುರ, ಆಮೇಲೆ ನಾಚಿಕೆ, ಹೀಗೆ ಆಗುತ್ತಿದೆಯಾ? ಮೂರಕ್ಕೂ ಹೌದು ಅಂತ ಬಂದರೆ ಮುಂದೆ ಓದಿ. ಮೂರರಲ್ಲಿ ತುಂಬಾ ಮುಖ್ಯವಾದದ್ದು ಮೂರನೆಯದು. ಆ ‘ಹಗುರ’ದಲ್ಲೇ ಇಡೀ ಗುಟ್ಟಿದೆ.

ನಮ್ಮಮ್ಮ ತೀರಿಕೊಂಡದ್ದು 2021ರ ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆಯಲ್ಲಿ. ನನಗೆ ಆಗ ಮನೆ ಮನೆ ಸರ್ವೆ ಡ್ಯೂಟಿ ಹಾಕಿದ್ದರು. ಮೊದಲು ಜ್ವರ ಬಂದದ್ದು ನನಗೆ. ಎರಡು ದಿನ ಬಿಟ್ಟು ಅಮ್ಮನಿಗೆ. ನನಗೆ ವಾಸಿಯಾಯಿತು. ಅವರಿಗೆ ಹಾಸಿಗೆ ಹುಡುಕಿಕೊಂಡು ಮೂರು ಆಸ್ಪತ್ರೆಯ ಬಾಗಿಲಿಗೆ ಹೋದೆವು. ಮೂರನೆಯದರ ಬಾಗಿಲಲ್ಲಿ ಆಟೋದೊಳಗೆ ಅವರು ನನ್ನ ಕಡೆ ನೋಡಿದ ಮುಖ ನನಗೆ ಇವತ್ತಿಗೂ ಮರೆತಿಲ್ಲ. ಅತ್ತದ್ದು ಕಡಿಮೆ. ಶಾಲೆ ತೆರೆದ ಮೇಲೆ ಪಾಠ ಮಾಡಿದೆ, ಪೇಪರ್ ತಿದ್ದಿದೆ, ನೆಂಟರ ಮದುವೆಗೆ ಹೋದೆ. ‘ಗಟ್ಟಿಗಿತ್ತಿ’ ಅಂದರು ಎಲ್ಲರೂ. ಮಾತ್ರೆ ಬಿಟ್ಟದ್ದು ಒಂದು ವರ್ಷದ ತಿಥಿ ಆದ ವಾರ. ಯಾಕೆ ಬಿಟ್ಟೆ ಎಂದು ನನ್ನನ್ನು ಆಗ ಕೇಳಿದ್ದರೆ ‘ಮಾತ್ರೆ ತಗೊಂಡ್ರೆ ಹೊಟ್ಟೆ ತೊಳಸುತ್ತೆ’ ಅನ್ನುತ್ತಿದ್ದೆ. ಅದನ್ನೇ ನಂಬಿಯೂ ಇದ್ದೆ.

ಆಗಸ್ಟಿನಲ್ಲಿ ರಕ್ತಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ 11.4 ಬಂತು. ಅದು ಹೆಚ್ಚುಕಡಿಮೆ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ. ನನ್ನಂಥವರಿಗೆ ಏಳರ ಒಳಗೆ ಇರಬೇಕು ಅನ್ನುತ್ತಾರೆ ಡಾಕ್ಟರು. ಬೈಸಿಕೊಳ್ಳಲು ತಯಾರಾಗಿ ಕೂತಿದ್ದೆ. ಅವರು ಬೈಯಲಿಲ್ಲ. ವರದಿಯನ್ನು ಪಕ್ಕಕ್ಕಿಟ್ಟು ಕೇಳಿದರು: ‘ಮೇಡಂ, ಮಾತ್ರೆ ತಗೊಳ್ದೇ ಇದ್ದ ದಿನ ರಾತ್ರಿ ನಿಮಗೆ ಏನನ್ಸುತ್ತೆ?’ ನನ್ನ ಬಾಯಿಂದ ಬಂದ ಉತ್ತರ ನನಗೇ ಹೊಸದು. ‘ಸಮಾಧಾನ ಆಗುತ್ತೆ ಸಾರ್. ಅಮ್ಮನಿಗೆ ಸಿಗದೇ ಇದ್ದದ್ದು ನನಗೂ ಬೇಡ ಅನ್ನಿಸುತ್ತೆ.’

ಅವರೇ ತುಮಕೂರಿನ ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟರು.

ಇಲ್ಲಿಂದ ಮುಂದೆ ಹೇಳುವುದು ನಾನು ಆಪ್ತಸಮಾಲೋಚಕಿಯ ಹತ್ತಿರ ಕಲಿತದ್ದು, ನನ್ನ ಕಸುಬಿನ ಮಾತಿನಲ್ಲಿ. ಮಕ್ಕಳ ಉತ್ತರ ಪತ್ರಿಕೆ ತಿದ್ದುವಾಗ ಉತ್ತರ ತಪ್ಪು ಅಂತ ಸೊನ್ನೆ ಹಾಕಿ ಮುಂದೆ ಹೋಗುವುದಿಲ್ಲ. ಹಂತಕ್ಕೆ ಅಂಕ ಇರುತ್ತದೆ. ಮೇಲಿನಿಂದ ಒಂದೊಂದೇ ಸಾಲು ನೋಡಿಕೊಂಡು ಬರುತ್ತೇವೆ. ಎಲ್ಲೋ ನಾಲ್ಕನೇ ಸಾಲಿನಲ್ಲಿ ಮೈನಸ್ ಬಿಟ್ಟಿರುತ್ತಾನೆ. ಹನ್ನೊಂದನೇ ಸಾಲಿನ ಉತ್ತರ ಅದಕ್ಕೇ ತಪ್ಪಿರುತ್ತದೆ. ಹನ್ನೊಂದನೇ ಸಾಲನ್ನು ಎಷ್ಟು ಸಲ ಅಳಿಸಿ ಬರೆದರೂ ಸರಿಯಾಗುವುದಿಲ್ಲ. ನಾನು ನನ್ನ ವಿಷಯದಲ್ಲಿ ಮಾಡುತ್ತಿದ್ದದ್ದು ಅದೇ. ‘ಇನ್ನು ಮೇಲೆ ಡಬ್ಬಿ ಮುಟ್ಟಲ್ಲ’ ಅಂತ ದೇವರ ಮುಂದೆ ಆಣೆ. ಮೂರನೇ ದಿನ ಮತ್ತೆ ಅದೇ.

ಕೇಡು ಮಾಡಿಕೊಂಡ ದಿನವನ್ನೂ ಹೀಗೇ ಸಾಲು ಸಾಲಾಗಿ ಬರೆದು ನೋಡುವ ಪದ್ಧತಿಯನ್ನು ಚಿಕಿತ್ಸೆಯ ಭಾಗವಾಗಿ ಬಳಕೆಗೆ ತಂದವರಲ್ಲಿ ಅಮೆರಿಕದ ಮಾರ್ಷಾ ಲೈನ್‌ಹ್ಯಾನ್ ಪ್ರಮುಖರು. ತಮಗೆ ತಾವೇ ನೋವು ಮಾಡಿಕೊಳ್ಳುವವರಿಗಾಗಿ ಅವರು ರೂಪಿಸಿದ ಚಿಕಿತ್ಸೆಗೆ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಎಂದು ಹೆಸರು. 2011ರಲ್ಲಿ ಅವರು ತಮ್ಮದೇ ಕಥೆಯನ್ನು ಹೊರಗೆ ಹೇಳಿದರು: 17ನೇ ವಯಸ್ಸಿನಲ್ಲಿ ತಾವೂ ಇದೇ ಕಷ್ಟಕ್ಕೆ ಮಾನಸಿಕ ಆಸ್ಪತ್ರೆಯಲ್ಲಿ ಇದ್ದವರು ಎಂದು. ಇದನ್ನು ಕೇಳಿದ ದಿನ ನನಗೆ ತುಂಬಾ ಧೈರ್ಯ ಬಂತು.

ಮಾಡುವ ಬಗೆ ಹೀಗೆ. ಒಂದು ನೂರು ಪುಟದ ನೋಟ್‌ಬುಕ್ ತಗೊಳ್ಳಿ. ಫೋನಿನಲ್ಲಿ ಬೇಡ, ಕೈಯಲ್ಲಿ ಬರೆದರೆ ನಿಧಾನವಾಗುತ್ತದೆ, ಆ ನಿಧಾನ ಬೇಕು. ಕೇಡು ಮಾಡಿಕೊಂಡ ಮಾರನೇ ದಿನ, ಮನಸ್ಸು ಸ್ವಲ್ಪ ತಣ್ಣಗಿದ್ದಾಗ, ಹಿಂದಿನ ದಿನ ಬೆಳಿಗ್ಗೆಯಿಂದ ಶುರು ಮಾಡಿ. ಗಂಟೆ ಹಾಕಿ. ನಡೆದದ್ದು, ಮೈಯಲ್ಲಿ ಆದದ್ದು, ತಲೆಯಲ್ಲಿ ಬಂದದ್ದು, ಇಷ್ಟೇ. ‘ನಾನು ಕೆಟ್ಟವಳು’ ಥರದ ತೀರ್ಪು ಬೇಡ. ಅದು ಆ ಹೊತ್ತಿಗೆ ತಲೆಯಲ್ಲಿ ಬಂದ ಮಾತಾಗಿದ್ದರೆ ಮಾತ್ರ ಹಾಗೇ ಬರೆಯಿರಿ.

ನನ್ನ ಮೊದಲ ಪುಟ ಇದು. ಒಂದು ಗುರುವಾರದ್ದು.

1. ಬೆಳಿಗ್ಗೆ 8. ಬಸ್ ತಪ್ಪುತ್ತೆ ಅಂತ ತಿಂಡಿ ಬಿಟ್ಟೆ.
2. 11.20. ಒಂಬತ್ತನೇ ಕ್ಲಾಸಿನ ಹುಡುಗ, ‘ಮಿಸ್, ನಮ್ಮಜ್ಜಿ ಆಸ್ಪತ್ರೇಲಿದಾರೆ, ರಜೆ ಬೇಕು.’ ಸಹಿ ಹಾಕಿದೆ. ಎದೆ ಬಿಗಿಯಿತು.
3. 1.30. ಊಟದ ಡಬ್ಬಿ ತೆರೆಯಲಿಲ್ಲ.
4. 4.45. ಬಸ್ಸಿನಲ್ಲಿ ‘ನಾನು ಡ್ಯೂಟಿಗೆ ಹೋಗದೇ ಇದ್ದಿದ್ದರೆ’ ಶುರು.
5. 6.30. ಮನೆಯವರು ‘ಯಾಕೆ ಸಪ್ಪಗಿದ್ದೀಯ?’ ಅಂದರು. ‘ಏನಿಲ್ಲ ರೀ’ ಅಂದೆ.
6. 9.00. ಅವರಿಗೆ ಬಡಿಸಿದೆ. ಆಮೇಲೆ ತಿಂತೀನಿ ಅಂದೆ. ತಿನ್ನಲಿಲ್ಲ.
7. 10.15. ಮಾತ್ರೆ ಬಚ್ಚಲಿಗೆ.
8. 10.40. ಹಾಸಿಗೆ. ಆಟೋ. ಅಮ್ಮನ ಮುಖ.
9. 11.30. ಅಡುಗೆಮನೆ. ಡಬ್ಬಿ.
10. 11.45. ಹಗುರ. ತಲೆಯಲ್ಲಿ ಸದ್ದಿಲ್ಲ.
11. 12.10. ಅಳು. ‘ನೀನು ಯಾತಕ್ಕೂ ಬಾರದವಳು.’

ಸಮಾಲೋಚಕಿ ಪುಟವನ್ನು ನನ್ನ ಕಡೆಗೇ ತಿರುಗಿಸಿ, ‘ನೀವೇ ತಿದ್ದಿ ಮೇಡಂ’ ಅಂದರು. ಕೆಂಪು ಪೆನ್ನು ಬ್ಯಾಗಿನಲ್ಲೇ ಇತ್ತು. ಮೊದಲು 9ಕ್ಕೆ ಗುರುತು ಹಾಕಿದೆ. ಅವರು ಅಲ್ಲ ಎಂಬಂತೆ ತಲೆ ಆಡಿಸಿ ಸುಮ್ಮನೆ ಕಾದರು. ಆಮೇಲೆ ಮೇಲಿನಿಂದ ಬಂದೆ. ಒಂದನೇ ಸಾಲಿನಿಂದ ಆರನೇ ಸಾಲಿನವರೆಗೆ ಹೊಟ್ಟೆಗೆ ಏನೂ ಬಿದ್ದಿಲ್ಲ. ಹದಿಮೂರು ಗಂಟೆ ಖಾಲಿ ಹೊಟ್ಟೆ, ಅದೂ ಸಕ್ಕರೆ ಕಾಯಿಲೆಯವಳು. ಹಸಿದ ಮೈಗೆ ದುಃಖ ತಡೆಯುವ ಶಕ್ತಿ ಎಲ್ಲಿಂದ ಬರಬೇಕು? ಎರಡನೇ ಸಾಲಿನಲ್ಲಿ ಎದೆ ಬಿಗಿದದ್ದನ್ನು ಯಾರಿಗೂ ಹೇಳಿಲ್ಲ. ಐದನೇ ಸಾಲಿನಲ್ಲಿ ಕೇಳಿದವರಿಗೂ ಹೇಳಿಲ್ಲ. ಆ ‘ಏನಿಲ್ಲ ರೀ’ ಸುತ್ತ ಗುಂಡಗೆ ಕೆಂಪು ಗೀಟು ಎಳೆದೆ. ನನ್ನ ಮೈನಸ್ ಬಿಟ್ಟುಹೋಗಿದ್ದು ಅಲ್ಲಿ.

ನಾಲ್ಕೈದು ಪುಟ ಆಗುವ ತನಕ ಬರೆಯಿರಿ. ಒಂದು ಪುಟದಲ್ಲಿ ಕಾಣದ್ದು ನಾಲ್ಕನ್ನು ಪಕ್ಕ ಪಕ್ಕ ಇಟ್ಟರೆ ಕಾಣುತ್ತದೆ. ನನ್ನದರಲ್ಲಿ ಪ್ರತಿ ಸಲವೂ ಖಾಲಿ ಹೊಟ್ಟೆ ಇತ್ತು, ಪ್ರತಿ ಸಲವೂ ‘ಏನಿಲ್ಲ’ ಇತ್ತು.

ಈಗ 10ನೇ ಸಾಲಿಗೆ ಬನ್ನಿ. ‘ತಲೆಯಲ್ಲಿ ಸದ್ದಿಲ್ಲ.’ ಕೇಡು ಮಾಡಿಕೊಳ್ಳುವುದು ಸುಮ್ನೆ ಬರುವ ಬುದ್ಧಿಗೇಡಿತನ ಅಲ್ಲ. ಅದು ನಮಗೆ ಏನೋ ಒಂದು ಕೆಲಸ ಮಾಡಿಕೊಡುತ್ತಿರುತ್ತದೆ. ಕೆಲವರಿಗೆ ತಲೆಯ ಗಲಾಟೆ ನಿಲ್ಲಿಸುತ್ತದೆ. ಕೆಲವರಿಗೆ ಮನಸ್ಸು ಮರಗಟ್ಟಿರುತ್ತದೆ, ಏನಾದರೂ ಒಂದು ಅನ್ನಿಸಲಿ ಎಂದು ಮಾಡಿಕೊಳ್ಳುತ್ತಾರೆ. ಕೆಲವರು ತಮಗೆ ತಾವೇ ಶಿಕ್ಷೆ ಕೊಟ್ಟುಕೊಳ್ಳುತ್ತಾರೆ. ಬಾಯಿಬಿಟ್ಟು ಹೇಳಲಾಗದ್ದನ್ನು ಹೀಗೆ ಹೇಳುವವರೂ ಇದ್ದಾರೆ. ಇನ್ನೊಬ್ಬರು ಕೈ ಬಿಡುವ ಮೊದಲು ನಾನೇ ಬಿಟ್ಟುಬಿಡೋಣ ಅನ್ನುವುದೂ ಒಂದು. ನನ್ನದರಲ್ಲಿ ಸದ್ದು ನಿಲ್ಲಿಸುವುದೂ ಇತ್ತು, ಶಿಕ್ಷೆಯೂ ಇತ್ತು. ಮಾತ್ರೆ ಬಚ್ಚಲಿಗೆ ಹಾಕಿದ್ದು ಶಿಕ್ಷೆ. ಡಬ್ಬಿ ತೆಗೆದದ್ದು ಸದ್ದು ನಿಲ್ಲಿಸಲಿಕ್ಕೆ. ಅದು ಅಮ್ಮ ಮಾಡುತ್ತಿದ್ದ ಮಿಠಾಯಿ.

ಹಾಗಾಗಿ ನಿಮ್ಮ ಪುಟದಲ್ಲೂ ಆ ‘ಹಗುರ’ದ ಸಾಲು ಹುಡುಕಿ, ಪಕ್ಕದಲ್ಲಿ ಬರೆಯಿರಿ: ಇದು ನನಗೆ ಏನು ಮಾಡಿಕೊಟ್ಟಿತು? ಈ ಪ್ರಶ್ನೆ ಬಿಟ್ಟು ‘ಬಿಡು, ನಿಲ್ಲಿಸು’ ಅಂತ ಹೊರಟರೆ ಒಂದು ನಿಲ್ಲುತ್ತದೆ, ಅದರ ಜಾಗಕ್ಕೆ ಇನ್ನೊಂದು ಬರುತ್ತದೆ.

ಮನಸ್ಸಿನ ಕಾಯಿಲೆಗೂ ಇದಕ್ಕೂ ನಂಟು ಇರುವುದು ಇಲ್ಲೇ. ಖಿನ್ನತೆಯಲ್ಲಿ ‘ನಾನು ಇರುವುದೇ ದಂಡ’ ಅನ್ನುವ ಮಾತು ದಿನವಿಡೀ ಒಳಗೆ ಓಡುತ್ತಿರುತ್ತದೆ. ಅಂಥವರಿಗೆ ಮೈ ನೋಡಿಕೊಳ್ಳಬೇಕು ಅನ್ನಿಸುವುದಾದರೂ ಹೇಗೆ? ಸಕ್ಕರೆ ಕಾಯಿಲೆ ಇರುವವರಲ್ಲಿ ಖಿನ್ನತೆ ಉಳಿದವರಿಗಿಂತ ಜಾಸ್ತಿ. ಸಕ್ಕರೆ ಏರಿದರೆ ಸುಸ್ತು, ಸುಸ್ತಾದರೆ ಮನಸ್ಸು ಕುಗ್ಗುತ್ತದೆ, ಕುಗ್ಗಿದರೆ ಮಾತ್ರೆ ತಪ್ಪುತ್ತದೆ, ಸಕ್ಕರೆ ಇನ್ನೂ ಏರುತ್ತದೆ. ಗಾಣದೆತ್ತಿನ ಸುತ್ತು. ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ತೀರಾ ಏರಿ ಒಮ್ಮೆ ತೀರಾ ಕುಗ್ಗುವ ಕಾಯಿಲೆ ಇರುವವರು ಮನಸ್ಸು ಏರಿದಾಗ ದುಡ್ಡು ಚೆಲ್ಲಿ, ಕೆಲಸಕ್ಕೆ ರಾಜೀನಾಮೆ ಬರೆದು ಕೊಟ್ಟುಬಿಡಬಹುದು. ಚಿಕ್ಕಂದಿನಲ್ಲಿ ಏಟು, ಹಿಂಸೆ, ಲೈಂಗಿಕ ಕಿರುಕುಳ ಅನುಭವಿಸಿದವರಲ್ಲಿ ಮೈಗೆ ನೋವು ಮಾಡಿಕೊಳ್ಳುವುದು ಹೆಚ್ಚು ಕಾಣುತ್ತದೆ. ನಮ್ಮ ಮೈದುನ ವರ್ಷಗಟ್ಟಲೆ ಕುಡಿದರು. ಕುಡುಕ ಅಂತಲೇ ಎಲ್ಲರೂ ಅಂದುಕೊಂಡಿದ್ದೆವು. ಬಿಡಿಸುವ ಶಿಬಿರದಲ್ಲಿ ಗೊತ್ತಾಯಿತು, ಅವರಿಗೆ ಜನರ ನಡುವೆ ನಿಂತರೆ ಎದೆ ಬಡಿದುಕೊಂಡು ಉಸಿರು ಕಟ್ಟುವ ಆತಂಕದ ಕಾಯಿಲೆ. ಎರಡು ಪೆಗ್ ಒಳಗೆ ಹೋದರೆ ಅದು ನಿಲ್ಲುತ್ತಿತ್ತು. ಎಡ್ವರ್ಡ್ ಖಾಂಟ್ಸಿಯನ್ ಎಂಬ ಮನೋವೈದ್ಯರು 1985ರಲ್ಲೇ ಈ ಮಾತು ಬರೆದಿದ್ದಾರೆ: ಚಟಕ್ಕೆ ಬಿದ್ದವರಲ್ಲಿ ಎಷ್ಟೋ ಜನ ತಮ್ಮ ಒಳಗಿನ ನೋವಿಗೆ ತಾವೇ ಮದ್ದು ಮಾಡಿಕೊಳ್ಳುತ್ತಿರುತ್ತಾರೆ ಎಂದು.

ಕೇಡು ಮಾಡಿಕೊಳ್ಳುವ ಎಲ್ಲರಿಗೂ ಕಾಯಿಲೆ ಇರಲೇಬೇಕು ಅಂತಿಲ್ಲ. ಆದರೆ ಇದೆಯೋ ಇಲ್ಲವೋ ನಾವೇ ತೀರ್ಮಾನ ಮಾಡಿಕೊಳ್ಳಬಾರದು.

ಸಾಲು ಸಿಕ್ಕಿದ ಮೇಲೆ ಏನು ಮಾಡುವುದು? ಮೇಲಿನ ಸಾಲು ಬದಲಾಯಿಸುವುದು. ಕೊನೆಯದನ್ನಲ್ಲ. ನಾನು ಬದಲಾಯಿಸಿದ್ದು ಎರಡೇ. ಏನೇ ಆಗಲಿ ಒಂದೂವರೆಗೆ ಡಬ್ಬಿ ತೆರೆದು ನಾಲ್ಕು ತುತ್ತಾದರೂ ತಿನ್ನುವುದು. ಸ್ಟಾಫ್ ರೂಮಿನಲ್ಲಿ ಕನ್ನಡ ಮೇಡಂಗೆ ಹೇಳಿಟ್ಟಿದ್ದೆ, ‘ನಾನು ತಿನ್ನದಿದ್ದರೆ ಕೇಳಿ’ ಎಂದು. ಎರಡನೆಯದು, ‘ಏನಿಲ್ಲ’ ಅನ್ನುವ ಬದಲು ‘ಇವತ್ತು ಅಮ್ಮನ ಯೋಚನೆ’ ಅನ್ನುವುದು. ಇಷ್ಟೇ ಮಾತು. ವಿವರ ಹೇಳುವ ಹಂಗಿಲ್ಲ. ಮೊದಲ ದಿನ ಅದನ್ನು ಹೇಳಲು ನನಗೆ ಅರ್ಧ ಗಂಟೆ ಹಿಡಿಯಿತು. ಮನೆಯವರು ಟಿವಿ ಆರಿಸಿ ಪಕ್ಕದಲ್ಲಿ ಬಂದು ಕೂತರು. ಏನೂ ಮಾತಾಡಲಿಲ್ಲ. ಆ ರಾತ್ರಿ ಡಬ್ಬಿಯ ಯೋಚನೆಯೇ ಬರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಬಂತು. ಆದರೆ ಎದ್ದು ಹೋಗಲಿಲ್ಲ.

ಕೆಲವು ದಿನ ಮೇಲಿನ ಸಾಲೆಲ್ಲ ದಾಟಿ ನೇರವಾಗಿ ಒಂಬತ್ತಕ್ಕೆ ಬಂದು ನಿಂತಿರುತ್ತೀರಿ. ತುಡಿತ ಜೋರಾಗಿರುತ್ತದೆ. ಆಗ ನೆನಪಿಡಬೇಕಾದದ್ದು: ತುಡಿತ ಏರುತ್ತದೆ, ಒಂದು ಮಟ್ಟ ಮುಟ್ಟುತ್ತದೆ, ಇಳಿಯುತ್ತದೆ. ಅದು ಏರುತ್ತಲೇ ಹೋಗುವುದಿಲ್ಲ. ಏರುವಾಗ ಹಾಗನ್ನಿಸುತ್ತದೆ, ಅಷ್ಟೇ. ಇಪ್ಪತ್ತು ನಿಮಿಷ ತಳ್ಳಿ. ಬಿಡುತ್ತೇನೆ ಅಂತ ಆಣೆ ಬೇಡ, ಬರೀ ಇಪ್ಪತ್ತು ನಿಮಿಷ ಆಮೇಲೆ ಅಂತ. ಆ ಹೊತ್ತಿನಲ್ಲಿ ಜಾಗ ಬದಲಾಯಿಸಿ. ಅಡುಗೆಮನೆಯಲ್ಲಿ ನಿಂತು ಅಡುಗೆಮನೆಯ ಜೊತೆ ಗುದ್ದಾಡುವುದು ಬೇಡ. ತಣ್ಣೀರಿನಲ್ಲಿ ಮುಖ ಅದ್ದಿ ತೊಳೆಯಿರಿ; ಎದೆಬಡಿತ ನಿಧಾನವಾಗುತ್ತದೆ. ಹೃದಯದ ತೊಂದರೆ ಇದ್ದರೆ ಮಾತ್ರ ಇದು ಬೇಡ. ನಾನು ಟೆರೇಸಿಗೆ ಹೋಗಿ ಹದಿನೇಳರ ಮಗ್ಗಿ ಹೇಳುತ್ತಿದ್ದೆ, ಹಿಂದಿನಿಂದ ಮುಂದಕ್ಕೆ. 170, 153, 136. ತಲೆಗೆ ಬೇರೆ ಕೆಲಸ ಸಿಗುತ್ತದೆ. ನಿಮಗೆ ಮಗ್ಗಿ ಬೇಡದಿದ್ದರೆ ಬೇರೆ ಇರಲಿ. ಇಪ್ಪತ್ತು ನಿಮಿಷ ಕಳೆದ ಮೇಲೂ ತುಡಿತ ಇದ್ದರೆ ಯಾರನ್ನಾದರೂ ಎಬ್ಬಿಸಿ, ಇಲ್ಲವೇ ಫೋನ್ ಮಾಡಿ.

ಫೋನ್ ಯಾರಿಗೆ? 14416. ಇದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾದದ್ದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಏನು ಹೇಳಬೇಕು ಅಂತ ತಯಾರಿ ಬೇಕಿಲ್ಲ. ‘ನನಗೆ ನಾನೇ ಏನಾದರೂ ಮಾಡಿಕೊಳ್ಳುತ್ತೇನೆ ಅಂತ ಭಯ ಆಗ್ತಿದೆ’ ಎಂದರೆ ಸಾಕು.

ಡಾಕ್ಟರ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನೇ ಹೆದರಿಕೆಯಿಂದ ಮೂರು ವಾರ ಆ ಚೀಟಿಯನ್ನು ಪರ್ಸಿನಲ್ಲಿ ಇಟ್ಟುಕೊಂಡು ಓಡಾಡಿದ್ದೆ. ‘ಸರ್ವಿಸ್ ರಿಜಿಸ್ಟರಿಗೆ ಬಂದರೆ?’ ‘ಮಗಳ ಮದುವೆಗೆ ಅಡ್ಡ ಬಂದರೆ?’ ಕೊನೆಗೆ ಒಂದು ಶನಿವಾರ ರೈಲು ಹತ್ತಿ ತುಮಕೂರಿಗೆ ಹೋದೆ. ಮನೆಯವರು ಜೊತೆಗೆ ಬಂದರು. ಅಲ್ಲಿ ಒಂಬತ್ತು ಪ್ರಶ್ನೆಯ ಒಂದು ಹಾಳೆ ಕೊಟ್ಟರು. ಪಿಎಚ್‌ಕ್ಯೂ-9 ಎನ್ನುತ್ತಾರೆ. ಕಳೆದ ಎರಡು ವಾರದಲ್ಲಿ ನಿದ್ದೆ ಹೇಗಿತ್ತು, ಹಸಿವು ಹೇಗಿತ್ತು, ಯಾವುದರಲ್ಲೂ ಆಸಕ್ತಿ ಇಲ್ಲದ ದಿನ ಎಷ್ಟು, ಹೀಗೆ. ಒಂದೊಂದಕ್ಕೂ 0ಯಿಂದ 3, ಒಟ್ಟು 27. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಡಾಕ್ಟರು ಗಮನಿಸಲೇಬೇಕಾದ ಮಟ್ಟ. ನನಗೆ 17 ಬಂತು. ಒಂಬತ್ತನೆಯ ಪ್ರಶ್ನೆ ಸಾಯುವ ಅಥವಾ ತನಗೆ ನೋವು ಮಾಡಿಕೊಳ್ಳುವ ಯೋಚನೆಯದ್ದು. ಅಲ್ಲಿ 0 ಹಾಕಿಬಿಡೋಣ ಅಂತ ಪೆನ್ನು ಇಟ್ಟವಳು ತಡೆದು 1 ಹಾಕಿದೆ. ನಿಮ್ಮದು ಒಟ್ಟು ಎಷ್ಟೇ ಬರಲಿ, ಒಂಬತ್ತನೆಯದರಲ್ಲಿ 0 ಬಿಟ್ಟು ಬೇರೆ ಏನಿದ್ದರೂ ಬಾಯಿಬಿಟ್ಟು ಹೇಳಿ. ಹಾಳೆ ಬರೀ ಗುರುತಿಸಲಿಕ್ಕೆ. ಕಾಯಿಲೆ ಯಾವುದು ಎಂದು ಹೇಳುವುದು ಡಾಕ್ಟರ ಕೆಲಸ.

ಹೋಗುವಾಗ ನೋಟ್‌ಬುಕ್ ಒಯ್ಯಿರಿ. ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಯ ಚೀಟಿ ಒಯ್ಯಿರಿ. ಕುಡಿಯುತ್ತಿದ್ದರೆ ಎಷ್ಟು ಎಂದು ಸರಿಯಾಗಿ ಹೇಳಿ. ಮಾತಾಡಲು ಆಗದಿದ್ದರೆ ಬರೆದ ಪುಟ ತೆರೆದು ಮುಂದಿಡಿ, ಅದು ಸಾಕು. ಖಿನ್ನತೆಯ ಮಾತ್ರೆ ಕೊಟ್ಟರೆ ಅದು ಮಾರನೇ ದಿನ ಕೆಲಸ ಮಾಡುವುದಿಲ್ಲ. ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಜಾಸ್ತಿ ಬೇಕು. ಮೊದಲ ವಾರ ನನಗೆ ವಾಕರಿಕೆ ಇತ್ತು, ಆಮೇಲೆ ಹೋಯಿತು. ಇಪ್ಪತ್ತೈದು ವರ್ಷದ ಒಳಗಿನವರು ತೆಗೆದುಕೊಳ್ಳುತ್ತಿದ್ದರೆ ಮೊದಲ ಕೆಲವು ವಾರ ಮನೆಯವರು ಹತ್ತಿರ ಇದ್ದು ಗಮನಿಸಬೇಕು. ಕಳವಳ ಹೆಚ್ಚಾದರೆ ತಕ್ಷಣ ಡಾಕ್ಟರಿಗೆ ತಿಳಿಸಬೇಕು. ಗುಣ ಕಂಡಿತು ಎಂದು ನೀವೇ ನಿಲ್ಲಿಸಬೇಡಿ. ನನಗೆ ಹದಿನಾಲ್ಕು ತಿಂಗಳು ಕೊಟ್ಟು, ಆಮೇಲೆ ಸ್ವಲ್ಪ ಸ್ವಲ್ಪವೇ ಇಳಿಸಿದರು.

ತುಮಕೂರಿನಂಥ ಊರು ದೂರ ಆದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ಕರ್ನಾಟಕದಲ್ಲಿ ಮನೋಚೈತನ್ಯ ಎಂಬ ಹೆಸರಿನಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರುವ ಏರ್ಪಾಡು ಇದೆ, ಮಂಗಳವಾರಗಳಂದು. ಹೋಗುವ ಮೊದಲು ನಿಮ್ಮ ಆಸ್ಪತ್ರೆಗೆ ಯಾವಾಗ ಬರುತ್ತಾರೆ ಎಂದು ಕೇಳಿಕೊಳ್ಳಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಂಥ ದೊಡ್ಡ ಮಾನಸಿಕ ಆಸ್ಪತ್ರೆಗಳು ಇದ್ದೇ ಇವೆ. ಕಾನೂನೂ ನಿಮ್ಮ ಕಡೆಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ನಿಮ್ಮ ಚಿಕಿತ್ಸೆಯ ವಿಷಯ ಗುಟ್ಟಾಗಿ ಇರಬೇಕು. ಪ್ರಾಣ ಕಳೆದುಕೊಳ್ಳಲು ಹೋದವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದು ಭಾವಿಸಿ ಸರ್ಕಾರ ಆರೈಕೆ ಕೊಡಬೇಕು ಎನ್ನುತ್ತದೆ ಅದರ 115ನೇ ಕಲಂ. ಕೇಸಾಗುತ್ತದೆ ಎಂದು ಹೆದರಿ ಆಸ್ಪತ್ರೆಗೆ ಕರೆದೊಯ್ಯದೆ ಇರಬೇಡಿ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ಮಾಡಿದ ಸಮೀಕ್ಷೆಯಲ್ಲಿ ದೊಡ್ಡವರಲ್ಲಿ ಶೇಕಡಾ 10.6ರಷ್ಟು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ನೂರು ಮಂದಿ ಕಾಯಿಲೆಯವರಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನ ಚಿಕಿತ್ಸೆಯ ಹತ್ತಿರಕ್ಕೂ ಹೋಗಿರಲಿಲ್ಲ. ಆ ಎಪ್ಪತ್ತರಲ್ಲಿ ಎಷ್ಟು ಜನ ನನ್ನ ಹಾಗೆ ಪರ್ಸಿನಲ್ಲಿ ಚೀಟಿ ಇಟ್ಟುಕೊಂಡಿದ್ದರೋ ಅನ್ನಿಸುತ್ತದೆ.

ಇನ್ನು, ಪಕ್ಕದಲ್ಲಿ ನೋಡುತ್ತಿರುವವರಿಗೆ. ಇದನ್ನು ಒಬ್ಬ ಹುಡುಗಿ ನನಗೆ ಕಲಿಸಿದಳು. ಗುರುತು ಸಿಗಬಾರದೆಂದು ಕೆಲವು ವಿವರ ಬದಲಾಯಿಸಿದ್ದೇನೆ. ಜಾಣೆ, ಮುಂದಿನ ಬೆಂಚಿನವಳು. ಏಪ್ರಿಲ್ ಬಿಸಿಲಿನಲ್ಲೂ ತೋಳು ತುಂಬಾ ಮುಚ್ಚಿಕೊಂಡು ಬರುತ್ತಿದ್ದಳು. ಬೋರ್ಡಿಗೆ ಕರೆದರೆ ಕೈ ಎತ್ತುತ್ತಿರಲಿಲ್ಲ. ನನ್ನ ಕಥೆ ಆಗಿರದಿದ್ದರೆ ನಾನು ಗದರಿಸಿಬಿಡುತ್ತಿದ್ದೆನೋ ಏನೋ. ಶಾಲೆ ಬಿಟ್ಟ ಮೇಲೆ ಲ್ಯಾಬಿನ ಪಕ್ಕದ ಕೋಣೆಯಲ್ಲಿ ಕೂರಿಸಿಕೊಂಡೆ. ತೋಳು ತೋರಿಸು ಅನ್ನಲಿಲ್ಲ. ‘ಯಾಕೋ ಇತ್ತೀಚೆಗೆ ನೀನು ತುಂಬಾ ಕಷ್ಟದಲ್ಲಿದ್ದೀಯ ಅನ್ಸುತ್ತೆ ಕಣೆ. ಬೈಯಲ್ಲ. ಹೇಳಬೇಕು ಅನ್ನಿಸಿದರೆ ಹೇಳು, ಇಲ್ಲಾಂದ್ರೆ ಸುಮ್ನೆ ಕೂತಿರೋಣ’ ಅಂದೆ. ಬಹಳ ಹೊತ್ತು ಸುಮ್ಮನೆ ಕೂತೆವು. ಆಮೇಲೆ ನೇರವಾಗಿಯೇ ಕೇಳಿದೆ: ‘ಸಾಯಬೇಕು ಅನ್ನಿಸುತ್ತಾ?’

ಇದನ್ನು ಕೇಳಲು ಎಲ್ಲರೂ ಹೆದರುತ್ತಾರೆ, ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂದು. ಹಾಗೆ ಆಗುವುದಿಲ್ಲ. ಕೇಳಿದರೆ ಒಳಗಿದ್ದದ್ದು ಹೊರಗೆ ಬರಲು ದಾರಿಯಾಗುತ್ತದೆ.

‘ಸಾಯೋಕಲ್ಲ ಮಿಸ್. ತಲೆ ಒಳಗಿಂದು ನಿಲ್ಲೋಕೆ’ ಅಂದಳು. ನನ್ನ ನೋಟ್‌ಬುಕ್ಕಿನ ಹತ್ತನೇ ಸಾಲು.

‘ಯಾರಿಗೂ ಹೇಳಬೇಡಿ’ ಎಂದು ಕೈ ಹಿಡಿದಳು. ಆ ಮಾತು ನಾನು ಕೊಡಲಿಲ್ಲ. ನೀವೂ ಕೊಡಬೇಡಿ. ‘ನಿನಗೆ ಹೇಳದೆ ಯಾರಿಗೂ ಹೇಳಲ್ಲ. ಆದರೆ ಅಮ್ಮನಿಗೆ ಹೇಳಲೇಬೇಕು. ಹೇಗೆ ಹೇಳೋಣ ಅಂತ ಇಬ್ಬರೂ ಸೇರಿ ಯೋಚನೆ ಮಾಡೋಣ’ ಅಂದೆ. ಅವಳ ತಾಯಿಗೆ ಹೇಳುವಾಗ ಅವಳು ಪಕ್ಕದಲ್ಲೇ ಇದ್ದಳು. ತಾಯಿ ಮೊದಲು ಕೈ ಎತ್ತಿದರು, ಆಮೇಲೆ ಅದೇ ಕೈಯಲ್ಲಿ ತಲೆ ಸವರಿದರು. ಮುಂದಿನ ಮಂಗಳವಾರ ಮೂವರೂ ತಾಲ್ಲೂಕು ಆಸ್ಪತ್ರೆಗೆ ಹೋದೆವು.

ಹೇಳಬಾರದ ಮಾತು ನನಗೆ ಬಾಯಿಪಾಠ, ಎಲ್ಲವನ್ನೂ ಕೇಳಿಸಿಕೊಂಡಿದ್ದೇನೆ. ‘ನಿನಗೇನು ಕಡಿಮೆಯಾಗಿದೆ?’ ‘ನಿನಗಿಂತ ಕಷ್ಟದಲ್ಲಿರೋರು ಇಲ್ವಾ?’ ‘ಎಲ್ಲರ ಗಮನ ಸೆಳೆಯೋಕೆ ಮಾಡ್ತಾಳೆ.’ ‘ಮನಸ್ಸು ಗಟ್ಟಿ ಮಾಡ್ಕೋ.’ ಆಣೆ ಹಾಕಿಸುವುದೂ ಬೇಡ. ಆಣೆ ಮುರಿದ ದಿನ ಅವರು ಇನ್ನೂ ಒಳಗೆ ಮುಚ್ಚಿಡುತ್ತಾರೆ.

ಸಾಯುವ ಯೋಚನೆ ಇದೆ ಎಂದರೆ, ಹೇಗೆ ಯಾವಾಗ ಎಂದು ಯೋಚಿಸಿದ್ದಾರೆ ಎಂದು ಗೊತ್ತಾದರೆ, ಒಬ್ಬರೇ ಇರಲು ಬಿಡಬೇಡಿ. ಅಪಾಯ ಮಾಡಿಕೊಳ್ಳಬಹುದಾದದ್ದು ಏನೇ ಇದ್ದರೂ ಮನೆಯಿಂದಲೇ ದೂರ ಸಾಗಿಸಿ ಅಥವಾ ಬೀಗದೊಳಗೆ ಇಡಿ. ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ, ಅಥವಾ 112, ಇಲ್ಲವೇ 108ಕ್ಕೆ ಫೋನ್ ಮಾಡಿ. ಬೆಳಿಗ್ಗೆ ನೋಡೋಣ ಅನ್ನಬೇಡಿ.

ನಾನು ಪೂರ್ತಿ ಸರಿಯಾಗಿದ್ದೇನಾ ಎಂದು ಕೇಳಿದರೆ, ಈಚಿನ ಎಚ್‌ಬಿಎ1ಸಿ 7.2. ಮಾತ್ರೆ ವಾರದ ಡಬ್ಬಿಯಲ್ಲಿ ಊಟದ ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇರುತ್ತದೆ. ನಡುವೆ ಎರಡು ಸಲ ಜಾರಿದೆ. ಒಮ್ಮೆ ಮಗಳು ಹಾಸ್ಟೆಲಿಗೆ ಹೋದಾಗ, ಒಮ್ಮೆ ಏನೂ ಕಾರಣ ಕಾಣದೆ. ಎರಡು ಸಲವೂ ಪುಟ ಬರೆದೆ. ಜಾರಿದರೆ ಮೊದಲಿನಿಂದ ಎಂದುಕೊಳ್ಳಬೇಡಿ, ಬರೆದ ಪುಟಗಳು ಎಲ್ಲಿಗೂ ಹೋಗಿರುವುದಿಲ್ಲ.

ಮೊನ್ನೆ ಮೇ ತಿಂಗಳಲ್ಲಿ ಬರೆದ ಪುಟ ಇದು, ಎಲ್ಲಕ್ಕಿಂತ ಚಿಕ್ಕದು.

1. ಮಧ್ಯಾಹ್ನ. ಅಮ್ಮನ ತಿಥಿಗೆ ಕೊಬ್ಬರಿ ತುರಿದೆ. ಕೈ ನಡುಗಿತು.
2. 9.00. ಊಟ ಮಾಡಿದೆ. ಮಾತ್ರೆ ತಗೊಂಡೆ.
3. 11.10. ನಿದ್ದೆ ಇಲ್ಲ. ಆಟೋ. ಮುಖ. ‘ರೀ’ ಅಂತ ಎಬ್ಬಿಸಿದೆ. ಎದ್ದು ದೀಪ ಹಾಕಿದರು.